ಕೋಗಿಲೆಯ ಕಂಠ, ನವಿಲಿನ ವೇಷ

ದೇವರು ನವಿಲಿಗೆ ರೂಪವನ್ನು ಕೊಟ್ಟನು, ಕೋಗಿಲೆಗೆ ಕಂಠವನ್ನು ಕೊಟ್ಟನು. ಎರಡನ್ನೂ ಒಂದೇ ಹಕ್ಕಿಗೆ ಕೊಡುವ ಗೊಡವೆಗೆ ಹೋಗಲಿಲ್ಲ. ಅವನಿಗೆ ಅದರಲ್ಲಿ ಏನು ಉದ್ದೇಶವಿತ್ತೋ! ಆದರೆ ಮನುಷ್ಯನು ಅಂಗಡಿ ತೆರೆದು ಕುಳಿತನೆಂದರೆ ಸೃಷ್ಟಿಯ ಇಂಥ ಲೋಪಗಳನ್ನೆಲ್ಲ ತಿದ್ದಲು ಹೊರಡುತ್ತಾನೆ. ಕೋಗಿಲೆಯನ್ನು ಎಲೆಗಳ ಮರೆಯಲ್ಲಿ ಕೂರಿಸಿ ಹಾಡಿಸುತ್ತಾನೆ. ನವಿಲನ್ನು ಬಯಲಿನಲ್ಲಿ ನಿಲ್ಲಿಸಿ ಕೊಕ್ಕನ್ನು ಮಾತ್ರ ಆಡಿಸು ಎನ್ನುತ್ತಾನೆ. ನೋಡಲು ಬಂದವರು ಇಂಥ ಅಪರೂಪದ ಹಕ್ಕಿ ಉಂಟೇ ಎಂದು ಬೆರಗಾಗಿ ದುಡ್ಡು ಚೆಲ್ಲುತ್ತಾರೆ. ಆ ದುಡ್ಡಿನಲ್ಲಿ ಕೋಗಿಲೆಗೆಷ್ಟು, ನವಿಲಿಗೆಷ್ಟು ಎಂದು ಕೇಳುವವರು ವಿರಳ.

1975ನೆಯ ಇಸವಿಯಲ್ಲಿ ಇಂಗ್ಲೆಂಡಿನ ಜನ ಇಂಥದೊಂದು ಹಕ್ಕಿಯನ್ನು ಕಂಡರು. ಅದರ ಹೆಸರು ‘ಫೈವ್ ಥೌಸಂಡ್ ವೋಲ್ಟ್ಸ್’. ಎಂದರೆ ಐದು ಸಾವಿರ ವೋಲ್ಟುಗಳು. ಅದೊಂದು ಹಾಡುವ ತಂಡ. ಅದು ಹಾಡಿದ ಹಾಡಿನ ಹೆಸರು ‘ಐ ಆ್ಯಮ್ ಆನ್ ಫೈರ್’. ಎಂದರೆ ಬೆಂಕಿ ಹತ್ತಿಕೊಂಡಿದೆ ಎಂದು. ತಂಡದ ಹೆಸರಿನಲ್ಲಿ ವಿದ್ಯುತ್ತು, ಹಾಡಿನ ಹೆಸರಿನಲ್ಲಿ ಬೆಂಕಿ. ಜನಕ್ಕೆ ಬಿಸಿ ತಟ್ಟದೆ ಹೇಗಿದ್ದೀತು? ಹಾಡು ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೆ ಏರಿತು. ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ಪಟ್ಟಿಯಲ್ಲಿಯೂ 26ನೆಯ ಸ್ಥಾನವನ್ನು ಮುಟ್ಟಿತು. ಹೊಸ ತಂಡವೊಂದಕ್ಕೆ ಇದು ಸಣ್ಣ ಭಾಗ್ಯವಲ್ಲ.

ಅದು ಡಿಸ್ಕೋ ಸಂಗೀತದ ಉದಯಕಾಲ. ಈ ಸಂಗೀತದ ಮರ್ಮವಿರುವುದು ಅದರ ತಾಳದಲ್ಲಿ. ನಾಲ್ಕು ಮಾತ್ರೆಗಳ ಆವರ್ತದಲ್ಲಿ ನಾಲ್ಕಕ್ಕೂ ದೊಡ್ಡ ನಗಾರಿಯ ಪೆಟ್ಟು ಬೀಳಬೇಕು. ನಿಮಿಷಕ್ಕೆ ಹೆಚ್ಚು ಕಡಿಮೆ 120 ಪೆಟ್ಟುಗಳು. ಅದರ ಮೇಲೆ ಪಿಟೀಲುಗಳ ಮೇಳ, ಕೆಳಗೆ ಮಂದ್ರಸ್ಥಾಯಿಯ ಗಿಟಾರಿನ ಕುಣಿತ, ಎಲ್ಲಕ್ಕೂ ಮೇಲೆ ಗೋಪುರದ ಕಳಶದಂತೆ ಒಬ್ಬ ಹೆಣ್ಣುಮಗಳ ತಾರಸ್ಥಾಯಿಯ ಕಂಠ. ಕುಣಿಯುವವನಿಗೆ ಸಾಹಿತ್ಯ ಅರ್ಥವಾಗಬೇಕಿಲ್ಲ, ರಾಗ ತಿಳಿಯಬೇಕಿಲ್ಲ, ಕಾಲಿದ್ದರೆ ಸಾಕು. ಇಂಥ ಸಂಗೀತದಲ್ಲಿ ಹಾಡುವವರು ಯಾರೆಂಬ ಪ್ರಶ್ನೆ ಹಿಂದೆ ಸರಿಯುವುದು ಸಹಜವೇ. ನೃತ್ಯಶಾಲೆಯ ಕತ್ತಲಿನಲ್ಲಿ, ತಿರುಗುವ ಕನ್ನಡಿಗೋಲದ ಕೆಳಗೆ, ಗಾಯಕಿಯ ಹೆಸರನ್ನು ವಿಚಾರಿಸುತ್ತ ನಿಲ್ಲುವವರುಂಟೇ?

ಈ ಅನುಕೂಲವನ್ನು ಗಾನಮುದ್ರಿಕೆಯ ವ್ಯಾಪಾರಿಗಳು ಬಹು ಹಿಂದೆಯೇ ಕಂಡುಕೊಂಡಿದ್ದರು. ಲಂಡನ್ನಿನಲ್ಲಿ ಧ್ವನಿಮುದ್ರಣ ಮಂದಿರಗಳನ್ನೇ ನಂಬಿ ಬದುಕುವ ಗಾಯಕ ಗಾಯಕಿಯರ ಒಂದು ವರ್ಗವಿತ್ತು. ಕರೆ ಬಂದ ದಿನ ಹೋಗುವುದು, ಮುಂದಿಟ್ಟ ಹಾಡನ್ನು ಹಾಡುವುದು, ಆ ಹೊತ್ತಿನ ಕೂಲಿಯನ್ನು ಪಡೆದು ಮನೆಗೆ ಬರುವುದು. ಮುದ್ರಿಕೆಯ ಮೇಲೆ ಅಚ್ಚಾಗುವ ಹೆಸರು ಯಾರದೆಂಬುದು ಅವರಿಗೆ ಸಂಬಂಧಿಸಿದ್ದಲ್ಲ. ಅನೇಕ ವೇಳೆ ಆ ಹೆಸರಿನ ತಂಡವೇ ಇರುತ್ತಿರಲಿಲ್ಲ; ಹಾಡು ಗೆದ್ದ ಮೇಲೆ ತಂಡವನ್ನು ಕಟ್ಟುತ್ತಿದ್ದರು. ಟೋನಿ ಬರೋಸ್ ಎಂಬ ಗಾಯಕನ ಕಂಠ 1970ನೆಯ ಒಂದೇ ವರ್ಷದಲ್ಲಿ ನಾಲ್ಕು ಬೇರೆ ಬೇರೆ ತಂಡಗಳ ಹೆಸರಿನಲ್ಲಿ ಜಯಭೇರಿ ಹೊಡೆಯಿತು. ನಾಲ್ಕು ಮನೆಗಳಿಗೆ ದೀಪ ಹಚ್ಚಿದ ಆತನ ಸ್ವಂತ ಹೆಸರು ಮಾತ್ರ ಸಾಮಾನ್ಯ ಶ್ರೋತೃವಿಗೆ ತಿಳಿಯಲೇ ಇಲ್ಲ.

‘ಐ ಆ್ಯಮ್ ಆನ್ ಫೈರ್’ ಹಾಡಿನಲ್ಲಿ ಮೊಳಗಿದ ಕಂಠ ಟೀನಾ ಚಾರ್ಲ್ಸ್ ಎಂಬ ತರುಣಿಯದು. ಆಕೆಗೆ ಆಗ 21 ವರ್ಷ. ಲಂಡನ್ನಿನ ಪೂರ್ವಭಾಗದಲ್ಲಿರುವ ವೈಟ್‌ಚಾಪೆಲ್ ಎಂಬ ದುಡಿಯುವ ಜನರ ಬಡಾವಣೆಯಲ್ಲಿ 1954ರಲ್ಲಿ ಹುಟ್ಟಿದವಳು. ಹದಿನೈದರ ಹರೆಯದಲ್ಲಿಯೇ, 1969ರಲ್ಲಿ, ಆಕೆಯ ಹೆಸರಿನ ಮೊದಲ ಮುದ್ರಿಕೆ ಹೊರಬಂದಿತ್ತು. ಅದರಲ್ಲಿ ಪಿಯಾನೋ ನುಡಿಸಿದವನು ಇನ್ನೂ ಯಾರಿಗೂ ಪರಿಚಯವಿರದಿದ್ದ ಎಲ್ಟನ್ ಜಾನ್. ಪಿಯಾನೋದ ಹುಡುಗ ಕೆಲವೇ ವರ್ಷಗಳಲ್ಲಿ ಜಗದ್ವಿಖ್ಯಾತನಾದನು. ಹಾಡಿದ ಹುಡುಗಿ ಕೂಲಿಗಾಯಕಿಯಾಗಿಯೇ ಉಳಿದಳು. ಹೆಸರಾಂತ ಗಾಯಕರ ಹಾಡುಗಳನ್ನು ಅನಾಮಧೇಯರಿಂದ ಮತ್ತೆ ಹಾಡಿಸಿ ಅಗ್ಗದ ಬೆಲೆಗೆ ಮಾರುವ ಮುದ್ರಿಕೆಗಳಿಗೆ ಆಕೆ ಹಾಡಿದಳು. 1975ರ ಆರಂಭದಲ್ಲಿ ಸ್ಟೀವ್ ಹಾರ್ಲಿಯ ತಂಡದ ಹಾಡೊಂದು ಬ್ರಿಟನ್ನಿನ ಅಗ್ರಸ್ಥಾನಕ್ಕೇರಿದಾಗ ಅದರ ಹಿಂಬದಿಯ ಕಂಠಗಳಲ್ಲಿ ಒಂದು ಆಕೆಯದಾಗಿತ್ತು. ಹೀಗೆ ದೇಶದ ಮೊದಲನೆಯ ಹಾಡಿನಲ್ಲಿಯೇ ಆಕೆ ಇದ್ದಳು. ಆದರೆ ದೇಶಕ್ಕೆ ಆಕೆ ಇರಲಿಲ್ಲ.

ಟೋನಿ ಐಯರ್ಸ್ ಎಂಬವನು ಬರೆದು ಸಿದ್ಧಪಡಿಸಿದ ಹೊಸ ಹಾಡಿಗೆ ಆಕೆ ಕಂಠ ಕೊಟ್ಟಾಗ, ಅದೂ ಹತ್ತರಲ್ಲಿ ಹನ್ನೊಂದನೆಯದೆಂದೇ ಯಾರಿಗಾದರೂ ತೋರಬಹುದಾಗಿತ್ತು. ಆದರೆ ಹಾಡು ಗೆದ್ದಿತು. ಗೆದ್ದ ಕೂಡಲೆ ಒಂದು ತೊಡಕು ಎದ್ದಿತು. ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಟೆಲಿವಿಷನ್ ಕಾರ್ಯಕ್ರಮ 1964ರ ಜನವರಿ 1ರಂದು ಪ್ರಾರಂಭವಾಗಿ 2006ರವರೆಗೆ ವಾರವಾರವೂ ನಡೆಯಿತು. 1970ರ ದಶಕದಲ್ಲಿ ಗುರುವಾರ ಸಂಜೆ ಅದನ್ನು ನೋಡುವುದೆಂದರೆ ಇಂಗ್ಲೆಂಡಿನ ಮನೆಗಳಲ್ಲಿ ಹಬ್ಬ. ಅಜ್ಜ ಗೊಣಗುವನು, ತಂದೆ ಪತ್ರಿಕೆಯ ಮರೆಯಿಂದ ಇಣುಕುವನು, ಮಕ್ಕಳು ಜಮಖಾನೆಯ ಮೇಲೆ ಕುಣಿಯುವರು. ಆ ಕಾರ್ಯಕ್ರಮದಲ್ಲಿ ಕಾಣಿಸಿಕೊಳ್ಳದ ಹಾಡು ಅರ್ಧ ಮಾರಾಟದಲ್ಲಿಯೇ ನಿಂತೀತು ಎಂಬ ಭಯ ವ್ಯಾಪಾರಿಗಳದು. ರೇಡಿಯೋಕ್ಕೆ ಕಂಠ ಸಾಕು. ಟೆಲಿವಿಷನ್ನಿಗೆ ಮುಖ ಬೇಕು.

ಟೀನಾಳ ಮುಖವನ್ನು ತೋರಿಸುವಂತಿರಲಿಲ್ಲ. ಒಪ್ಪಂದಗಳ ತೊಡಕು ಅದಕ್ಕೆ ಕಾರಣವೆಂದು ಹೇಳುತ್ತಾರೆ. ಅಂತೂ ತಂಡದ ಗಂಡಸರ ಮುಂದೆ ಬೇರೊಬ್ಬ ಹೆಣ್ಣುಮಗಳು ಬಂದು ನಿಂತಳು. ಹೊಂಬಣ್ಣದ ಕೂದಲು, ಎತ್ತರದ ನಿಲುವು, ಕ್ಯಾಮೆರಾಕ್ಕೆ ಅಂಜದ ಕಣ್ಣು. ತುಟಿಗಳು ಆಡಿದವು, ಟೀನಾಳ ಕಂಠ ಹರಿಯಿತು. ಜಮಖಾನೆಯ ಮೇಲೆ ಕುಣಿಯುತ್ತಿದ್ದ ಮಕ್ಕಳಿಗೆ ಅವಳೇ ಹಾಡಿದವಳು.

ಇಷ್ಟು ಕೇಳಿದ ವಾಚಕರು ಆ ನವಿಲಿನ ಮೇಲೆ ಸಿಟ್ಟಾದರೆ ಅದು ಅನ್ಯಾಯವಾದೀತು. ಆಕೆಯ ಹೆಸರು ಲುಆನ್ ಪೀಟರ್ಸ್. ನಟಿ. ಭೂತಪ್ರೇತಗಳ ಚಿತ್ರಗಳಿಗೆ ಹೆಸರಾದ ಹ್ಯಾಮರ್ ಸಂಸ್ಥೆಯ ಚಿತ್ರಗಳಲ್ಲಿ ಅಭಿನಯಿಸಿದವಳು. ಮುಂದೆ 1979ರಲ್ಲಿ ‘ಫಾಲ್ಟಿ ಟವರ್ಸ್’ ಎಂಬ ಪ್ರಸಿದ್ಧ ಹಾಸ್ಯಮಾಲೆಯ ಒಂದು ಕಂತಿನಲ್ಲಿಯೂ ಕಾಣಿಸಿಕೊಂಡಳು. ಆದರೆ ಇಲ್ಲಿ ಗಮನಿಸತಕ್ಕ ಸಂಗತಿ ಬೇರೆ. ಈಕೆ ಸ್ವತಃ ಗಾಯಕಿ! 1960ರ ದಶಕದಲ್ಲಿ ಕ್ಯಾರೋಲ್ ಕೀಸ್ ಎಂಬ ಹೆಸರಿನಿಂದ ಆಕೆಯ ಮುದ್ರಿಕೆಗಳು ಬಂದಿದ್ದವು. ಅವು ಜನಪ್ರಿಯತೆಯನ್ನು ಗಳಿಸಲಿಲ್ಲ, ಅಷ್ಟೆ. ತನ್ನ ಕಂಠಕ್ಕೆ ಕಿವಿಗೊಡದ ಜನ ಪರರ ಕಂಠಕ್ಕೆ ತನ್ನ ತುಟಿಯಾಡುವುದನ್ನು ನೋಡಿ ಚಪ್ಪಾಳೆ ತಟ್ಟಿದಾಗ ಆ ಹೆಣ್ಣಿನ ಮನಸ್ಸಿಗೆ ಏನೆನಿಸಿರಬೇಕು? ಒಬ್ಬಳಿಗೆ ಮುಖವನ್ನು ಮನೆಯಲ್ಲಿ ಬಿಟ್ಟು ಬಾ ಎಂದರು. ಇನ್ನೊಬ್ಬಳಿಗೆ ಕಂಠವನ್ನು ಮನೆಯಲ್ಲಿ ಬಿಟ್ಟು ಬಾ ಎಂದರು. ಇಬ್ಬರೂ ಅರ್ಧರ್ಧವಾಗಿ ಕೂಡಿ ಒಬ್ಬ ಇಲ್ಲದ ಹೆಂಗಸನ್ನು ಮಾಡಿದರು. ಲೋಕ ಮೆಚ್ಚಿದ್ದು ಆ ಇಲ್ಲದವಳನ್ನು.

ಟೀನಾಳ ಭಾಗ್ಯದ ಬಾಗಿಲನ್ನು ತೆರೆದವರು ಕನ್ನಡ ನಾಡಿನ ಮಣ್ಣಿನಿಂದ ಹೋದ ಒಬ್ಬರು. ಅವರ ಹೆಸರು ಬಿದ್ದು ಅಪ್ಪಯ್ಯ. ಕೊಡವ ಮನೆತನದವರು, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. ಹೆಸರೇನೋ ಬಿದ್ದು, ಆದರೆ ಎದ್ದ ಎತ್ತರ ಸಾಮಾನ್ಯವಾದುದಲ್ಲ. ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ ಹಾಡುತ್ತಿದ್ದ ಈ ತರುಣರು 1967ರಲ್ಲಿ ಇಂಗ್ಲೆಂಡನ್ನು ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಜಮೈಕಾ ಮೂಲದ ಗಾಯಕನಿಂದ ಒಂದು ಹಾಡನ್ನು ಮುದ್ರಿಸುತ್ತಿದ್ದರು. ಅದು ಮುಗಿದ ಮೇಲೆ ಮುದ್ರಿಕೆಯ ಹಿಂಬದಿಗೆ ಏನಾದರೊಂದು ಬೇಕಲ್ಲ ಎಂದು, ಉಳಿದ ಹತ್ತು ನಿಮಿಷಗಳಲ್ಲಿ ಮುಗಿಸಿದ ಹಾಡು ‘ಕುಂಗ್ ಫೂ ಫೈಟಿಂಗ್’. ಹಿಂಬದಿಯ ಆ ಹಾಡೇ ಮುಂಬದಿಗೆ ಬಂದು ಬ್ರಿಟನ್, ಅಮೆರಿಕ ಎರಡೂ ದೇಶಗಳಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಹಿಂದೆ ನಿಂತದ್ದು ಮುಂದೆ ಬಂದರೆ ಏನಾದೀತು ಎಂಬುದನ್ನು ಕಣ್ಣಾರೆ ಕಂಡವರಿಗೆ, ಹಿಂದೆ ನಿಂತ ಗಾಯಕಿಯ ಬೆಲೆ ತಿಳಿಯದೆ ಇದ್ದೀತೇ?

ಬಿದ್ದು ಅವರು ಟೀನಾಳನ್ನು ಆಕೆಯ ಸ್ವಂತ ಹೆಸರಿನಿಂದಲೇ ಹಾಡಿಸಿದರು. 1976ರ ಮಾರ್ಚ್ ತಿಂಗಳಿನಲ್ಲಿ ಆಕೆಯ ‘ಐ ಲವ್ ಟು ಲವ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೂರು ವಾರ ಅಗ್ರಸ್ಥಾನದಲ್ಲಿ ನಿಂತಿತು. ಈ ಸಲ ಕಂಠವೂ ಆಕೆಯದೇ, ಮುಖವೂ ಆಕೆಯದೇ, ಮುದ್ರಿಕೆಯ ಮೇಲಿನ ಹೆಸರೂ ಆಕೆಯದೇ. ಆರು ತಿಂಗಳ ಹಿಂದೆ ಐದು ಸಾವಿರ ವೋಲ್ಟುಗಳ ಹಾಡಿಗೆ ಕುಣಿದ ಕಿವಿಯುಳ್ಳ ಯಾರಿಗಾದರೂ ಈ ದನಿಯನ್ನು ಹಿಂದೆಯೂ ಕೇಳಿದಂತಿದೆಯಲ್ಲ ಎನಿಸದೆ ಇರಲಾರದು.

ಇತ್ತ ತಂಡದ ಗತಿ ಏನಾಯಿತು? ಮಾರ್ಟಿನ್ ಜೇ ಮೊದಲಾದ ಗಂಡಸರು ಧೈರ್ಯಗೆಡಲಿಲ್ಲ. ಲಿಂಡಾ ಕೆಲಿ ಎಂಬ ಹೊಸ ಗಾಯಕಿಯನ್ನು ಕರೆತಂದು, 1976ರ ಬೇಸಗೆಯಲ್ಲಿ ‘ಡಾಕ್ಟರ್ ಕಿಸ್ ಕಿಸ್’ ಎಂಬ ಹಾಡನ್ನು ಹೊರಡಿಸಿದರು. ಅದು 8ನೆಯ ಸ್ಥಾನವನ್ನು ಮುಟ್ಟಿತು. ವಿನೋದವೆಂದರೆ, ಅದೇ ವರ್ಷದ ಕೊನೆಯಲ್ಲಿ ಟೀನಾಳೂ ಒಬ್ಬ ವೈದ್ಯರನ್ನು ಕರೆತಂದಳು. ಆ ಹಾಡಿನ ಹೆಸರು ‘ಡಾಕ್ಟರ್ ಲವ್’. ಅದು 4ನೆಯ ಸ್ಥಾನಕ್ಕೇರಿತು. ಚುಂಬನದ ವೈದ್ಯರಿಗಿಂತ ಪ್ರೇಮದ ವೈದ್ಯರ ಕೈಗುಣವೇ ಹೆಚ್ಚೆಂದು ಇಂಗ್ಲೆಂಡು ತೀರ್ಪಿತ್ತಿತು.

ಅಲ್ಲಿಂದ ಮುಂದೆ ಬ್ರಿಟನ್ನಿನ ಪಟ್ಟಿಯಲ್ಲಿ ತಂಡದ ಹೆಸರು ಕಾಣಿಸಲಿಲ್ಲ. ಮುದ್ರಿಕೆಗಳು ಬಂದವು, ಜನ ಕೊಳ್ಳಲಿಲ್ಲ. 1977ರ ಹೊತ್ತಿಗೆ ಕಿತ್ತ ಬಟ್ಟೆಯ, ಕಿರುಚುವ ಕಂಠದ ಪಂಕ್ ತರುಣರು ಇಂಗ್ಲೆಂಡಿನ ಸದ್ದನ್ನೇ ಬದಲಿಸಿದರು. ಡಿಸ್ಕೋ ಅಮೆರಿಕದ ಚಲನಚಿತ್ರಗಳ ಬಲದಿಂದ ಮತ್ತೆರಡು ವರ್ಷ ಉಸಿರಾಡಿತು. 1979ರ ಜುಲೈ 12ರಂದು ಷಿಕಾಗೋ ನಗರದ ಆಟದ ಮೈದಾನದಲ್ಲಿ ಡಿಸ್ಕೋ ಮುದ್ರಿಕೆಗಳನ್ನು ರಾಶಿ ಹಾಕಿ ಸಿಡಿಮದ್ದಿನಿಂದ ಸ್ಫೋಟಿಸುವವರೆಗೆ ಜನದ ಬೇಸರ ಬೆಳೆಯಿತು. ಐದು ಸಾವಿರ ವೋಲ್ಟುಗಳು ಆ ಸ್ಫೋಟದವರೆಗೆ ಕಾಯಲಿಲ್ಲ. ಎರಡು ಹಾಡುಗಳ ಬೆಳಕನ್ನು ಬಿಟ್ಟು ಸದ್ದಿಲ್ಲದೆ ಆರಿಹೋದವು.

ಕಾಲ ಬದಲಾಯಿತು, ರುಚಿ ಬದಲಾಯಿತು ಎನ್ನುವುದು ಸುಲಭದ ಸಮಾಧಾನ; ಅದು ಸುಳ್ಳೂ ಅಲ್ಲ. ಆದರೆ ಕಾಲ ಬದಲಾದಾಗ ಎಲ್ಲ ಗಾಯಕರೂ ಅಳಿಯುವುದಿಲ್ಲ. ಜನ ಒಂದು ಹಾಡನ್ನು ಮೆಚ್ಚುವುದು ಒಂದು ವಾರದ ಮಾತು. ಒಬ್ಬ ಗಾಯಕಿಯನ್ನು ಮೆಚ್ಚುವುದು ಒಂದು ಜೀವಮಾನದ ಮಾತು. ಮೆಚ್ಚುಗೆ ಕೂಡಿಕೊಳ್ಳಲು ಒಬ್ಬ ವ್ಯಕ್ತಿ ಬೇಕು. ಮುಖ ಒಬ್ಬರದು, ಕಂಠ ಇನ್ನೊಬ್ಬರದು, ಮರುವರ್ಷ ಎರಡೂ ಮತ್ತೊಬ್ಬರವು ಎಂದಾದಲ್ಲಿ ಕೇಳುಗನ ಪ್ರೀತಿ ಯಾರ ಬಳಿ ಹೋಗಿ ಸೇರಬೇಕು? ತಳವಿಲ್ಲದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು?

ಭಾರತದ ಚಿತ್ರರಸಿಕರಿಗೆ ಇದರಲ್ಲಿ ಹೊಸದೇನು ಎನಿಸಬಹುದು. ತೆರೆಯ ಮೇಲೆ ಒಬ್ಬರು ತುಟಿಯಾಡಿಸುವುದು, ತೆರೆಯ ಹಿಂದೆ ಇನ್ನೊಬ್ಬರು ಹಾಡುವುದು ಈ ದೇಶದಲ್ಲಿ ನಿತ್ಯದ ಸಂಗತಿ. ರಾಜಕುಮಾರರ ಮುಖಕ್ಕೆ ಪಿ. ಬಿ. ಶ್ರೀನಿವಾಸರ ಕಂಠ ಎಷ್ಟೋ ವರ್ಷ ಒಪ್ಪಿ ಬಂದಿತು; ಯಾರಿಗೂ ಮೋಸವಾಯಿತೆಂದು ಅನಿಸಲಿಲ್ಲ. ಏಕೆಂದರೆ ಇಬ್ಬರ ಹೆಸರೂ ಜನಕ್ಕೆ ತಿಳಿದಿತ್ತು, ಇಬ್ಬರಿಗೂ ಬೇರೆ ಬೇರೆಯಾಗಿ ಪ್ರೀತಿ ಸಂದಿತ್ತು.

ಆದರೆ ಈ ನ್ಯಾಯ ಇಲ್ಲಿಯೂ ತಾನಾಗಿ ಬಂದುದಲ್ಲ. 1949ರಲ್ಲಿ ‘ಮಹಲ್’ ಎಂಬ ಹಿಂದಿ ಚಿತ್ರದ ಹಾಡು ದೇಶವನ್ನೇ ಮರುಳುಗೊಳಿಸಿದಾಗ ಅದರ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾಗಿದ್ದುದು ಚಿತ್ರದ ಪಾತ್ರವಾದ ‘ಕಾಮಿನಿ’ಯ ಹೆಸರು! ಹಾಡಿದವರು ಯಾರೆಂದು ಶ್ರೋತೃಗಳು ಆಕಾಶವಾಣಿಯನ್ನು ಕೇಳತೊಡಗಿದ ಮೇಲೆ ಲತಾ ಮಂಗೇಶ್ಕರ್ ಎಂಬ ಹೆಸರು ಹೊರಬಂದಿತು. 1957ರಲ್ಲಿ ಫಿಲ್ಮ್‌ಫೇರ್ ಪ್ರಶಸ್ತಿ ಸಮಾರಂಭಕ್ಕೆ ಬಂದು ಹಾಡಬೇಕೆಂಬ ಕರೆ ಬಂದಾಗ, ಗಾಯಕರಿಗೆ ಪ್ರಶಸ್ತಿಯೇ ಇಲ್ಲದಲ್ಲಿ ಹಾಡುವುದಿಲ್ಲವೆಂದು ಲತಾ ನಿರಾಕರಿಸಿದರು. 1959ರಿಂದ ಹಿನ್ನೆಲೆ ಗಾಯನಕ್ಕೆ ಪ್ರಶಸ್ತಿ ಏರ್ಪಟ್ಟಿತು. ಮರೆಯಲ್ಲಿ ಕುಳಿತ ಕೋಗಿಲೆ ತನ್ನ ಹೆಸರನ್ನು ತಾನೇ ಕೇಳಿ ಪಡೆಯಿತು.

ಈ ಎರಡು ಕತೆಗಳೂ ಒಂದೆಡೆ ಕೂಡಿದುದು ಬಿದ್ದು ಅವರ ಕೈಯಲ್ಲಿಯೇ. 1980ರಲ್ಲಿ ‘ಕುರ್ಬಾನಿ’ ಎಂಬ ಹಿಂದಿ ಚಿತ್ರಕ್ಕಾಗಿ ಅವರು ಲಂಡನ್ನಿನಲ್ಲಿ ಒಂದು ಡಿಸ್ಕೋ ಹಾಡನ್ನು ಮುದ್ರಿಸಿದರು. ತೆರೆಯ ಮೇಲೆ ಅದಕ್ಕೆ ತುಟಿಯಾಡಿಸಿದವರು ಜೀನತ್ ಅಮಾನ್. ಕಂಠ ಪಾಕಿಸ್ತಾನೀ ಕುಟುಂಬದ, ಲಂಡನ್ನಿನಲ್ಲಿ ಬೆಳೆದ ನಾಜಿಯಾ ಹಸನ್ ಎಂಬ 15 ವರ್ಷದ ಬಾಲೆಯದು. ಇಲ್ಲಿಯೂ ಮುಖ ಒಬ್ಬರದು, ಕಂಠ ಮತ್ತೊಬ್ಬರದು. ಆದರೆ ‘ಆಪ್ ಜೈಸಾ ಕೋಯಿ’ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಾಗ ಅದು ಹಾಡಿದ ಬಾಲೆಯ ಕೈಗೇ ಬಂದಿತು. ಮರುವರ್ಷ ‘ಡಿಸ್ಕೋ ದಿವಾನೆ’ ಎಂಬ ಮುದ್ರಿಕೆಯನ್ನು ಜನ ಮುಗಿಬಿದ್ದು ಕೊಂಡುದು ಆ ಬಾಲೆಯ ಹೆಸರನ್ನು ನೋಡಿಯೇ. ಲಂಡನ್ನಿನ ಕೋಗಿಲೆಗೆ 1975ರಲ್ಲಿ ದೊರೆಯದ ಒಂದು ಸಣ್ಣ ಸಾಲು ಅಕ್ಷರ ಈ ಕೋಗಿಲೆಗೆ ಮೊದಲ ಹಾಡಿಗೇ ದೊರೆಯಿತು.

ಟೀನಾಳ ಹಿಮ್ಮೇಳದಲ್ಲಿ ಮಂದ್ರದ ಗಿಟಾರು ನುಡಿಸುತ್ತಿದ್ದ ಟ್ರೆವರ್ ಹಾರ್ನ್ ಎಂಬ ತರುಣನು, ಅದೇ ಹಿಮ್ಮೇಳದ ಜೆಫ್ ಡೌನ್ಸ್‌ನೊಡನೆ ಸೇರಿ ‘ಬಗಲ್ಸ್’ ಎಂಬ ತಂಡವನ್ನು ಮಾಡಿದನು. 1979ರಲ್ಲಿ ಅವರ ಹಾಡು ಬ್ರಿಟನ್ನಿನ ಅಗ್ರಸ್ಥಾನಕ್ಕೇರಿತು. ಹಾಡಿನ ಹೆಸರು ‘ವೀಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’. ಕಾಣುವ ಚಿತ್ರವು ಕೇಳುವ ಕಂಠವನ್ನು ಕೊಂದಿತು ಎಂದರ್ಥ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಹಾಡುಗಳನ್ನೇ ತೋರಿಸುವ ಎಂಟಿವಿ ಎಂಬ ಟೆಲಿವಿಷನ್ ವಾಹಿನಿ ಪ್ರಾರಂಭವಾದಾಗ ತೋರಿಸಿದ ಮೊಟ್ಟಮೊದಲ ಹಾಡೂ ಅದೇ. ಮುಂದಿನ ಕಾಲ ಹೇಗಿರುವುದೆಂಬುದಕ್ಕೆ ಅದು ನಾಂದಿಯಾಯಿತು. 1990ರಲ್ಲಿ ‘ಮಿಲಿ ವನಿಲಿ’ ಎಂಬ ಜೋಡಿಯು ತಮ್ಮ ಮುದ್ರಿಕೆಯಲ್ಲಿ ತಾವು ಹಾಡಿಯೇ ಇಲ್ಲವೆಂಬುದು ಬಯಲಾಗಿ, ಪಡೆದ ಗ್ರ್ಯಾಮಿ ಪ್ರಶಸ್ತಿಯನ್ನು ಕಳೆದುಕೊಂಡಿತು. ಆ ಇಬ್ಬರು ತರುಣರನ್ನು ಲೋಕ ಹಾಸ್ಯಮಾಡಿ ನಕ್ಕಿತು. ಅವರಿಗಾಗಿ ನಿಜಕ್ಕೂ ಹಾಡಿದವರ ಹೆಸರುಗಳನ್ನು ಆಗಲೂ ಎಷ್ಟು ಜನ ಕೇಳಿ ತಿಳಿದುಕೊಂಡರು?

ಲುಆನ್ ಪೀಟರ್ಸ್ 2017ರಲ್ಲಿ ತೀರಿಕೊಂಡಳು. ಟೀನಾ ಚಾರ್ಲ್ಸಳ ಹೆಸರು ಇಂದು ಆ ಹಳೆಯ ಹಾಡಿನೊಡನೆ ಸೇರಿಕೊಂಡಿದೆ. ಐದು ಸಾವಿರ ವೋಲ್ಟುಗಳ ಕತೆ ಹೇಳುವವರೆಲ್ಲ ಮೊದಲು ಆಕೆಯ ಹೆಸರನ್ನೇ ಹೇಳುತ್ತಾರೆ. ಸತ್ಯಕ್ಕೆ ಕಾಲು ನಿಧಾನ. ಆದರೂ ಊರು ಸೇರುತ್ತದೆ.

ಆಕಾಶವಾಣಿಯಲ್ಲಿ ಚಿತ್ರಗೀತೆಯನ್ನು ಕೇಳಿಸುವಾಗ ಚಿತ್ರದ ಹೆಸರು, ಹಾಡಿದವರು, ಬರೆದವರು, ಸಂಗೀತ ನೀಡಿದವರು ಎಂದು ಹೇಳುವ ಪದ್ಧತಿಯೊಂದು ಬೆಳೆದು ಬಂದಿದೆ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ನಡುವೆ, ಮಕ್ಕಳ ಗಲಾಟೆಯ ನಡುವೆ ಅದನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಡು ಬೇಗ ಬರಬಾರದೇ ಎಂಬ ಅವಸರ. ಆದರೆ ಆ ನಾಲ್ಕು ಹೆಸರುಗಳನ್ನು ಹೇಳಲು ಹಿಡಿಯುವ ಕಾಲ ಹೆಚ್ಚೆಂದರೆ ಹತ್ತು ಸೆಕೆಂಡು. ವೈಟ್‌ಚಾಪೆಲಿನ ಹುಡುಗಿಯೊಬ್ಬಳಿಗೆ ದೇಶವೆಲ್ಲ ಕುಣಿದಾಗಲೂ ದೊರೆಯದೆ ಹೋದುದು ಅಂಥ ಹತ್ತು ಸೆಕೆಂಡುಗಳೇ.